ಬ್ಲೀಚಕ್ಕನ ಮೂಗು

ಹೊಸ ಜೀನ್ಸನ್ನು ಹಳೆಯದರಂತೆ ಕಾಣುವ ಹಾಗೆ ಮಾಡುವುದಕ್ಕೂ ಒಂದು ಕಾರ್ಖಾನೆ ಬೇಕು ಎಂಬುದನ್ನು ಬ್ಲೀಚಕ್ಕನ ಅತ್ತೆ ಇಂದಿಗೂ ನಂಬಿಲ್ಲ. “ದುಡ್ಡು ಕೊಟ್ಟು ಮಾಸಿದ ಬಟ್ಟೆ ತಗೊಳ್ಳೋರು ಇದ್ದಾರೇನೇ?” ಎಂದು ಸೊಸೆಯನ್ನು ಕೇಳುತ್ತಲೇ ಇರುತ್ತಾಳೆ. ಆದರೂ ಮಗಳನ್ನು ಅದೇ ಕಾರ್ಖಾನೆಗೆ ಕಳಿಸಿದ್ದು ಸೊಸೆಯ ಮೇಲಿನ ಭರವಸೆಯಿಂದ. ನಾದಿನಿಯ ಕೂದಲು ಕೊಂಕಿದರೂ ಮನೆಯಲ್ಲಿ ಉತ್ತರ ಹೇಳಬೇಕಾದವಳು ಬ್ಲೀಚಕ್ಕನೇ.

ಅವಳಿಗೆ ಆ ಹೆಸರು ಬಂದದ್ದು ಮೂಗಿನಿಂದ. ಬ್ಲೀಚ್ ತೊಟ್ಟಿಯ ಮೇಲೆ ಬಗ್ಗಿ ಒಮ್ಮೆ ಮೂಸಿ, “ಇನ್ನೊಂದು ಚೊಂಬು ಹಾಕಿ” ಎಂದರೆ ಮುಗಿಯಿತು, ಬಣ್ಣ ಹೇಳಿದ ಹಾಗೆ ಇಳಿಯುತ್ತಿತ್ತು. ಸೂಪರ್‌ವೈಸರ್ ಕೂಡ ಎದುರಾಡುತ್ತಿರಲಿಲ್ಲ.

ಓಝೋನ್ ಯಂತ್ರ ಬಂತು, ತೊಟ್ಟಿಗಳು ಹೊರಗೆ ಹೋದವು. ಒದ್ದೆ ಮಾಡಿ ಹಿಂಡಿದ ಪ್ಯಾಂಟುಗಳನ್ನು ಡ್ರಮ್ಮಿಗೆ ತುಂಬಿ ಬಾಗಿಲು ಹಾಕಿದರೆ ಸಾಕು, ಒಳಗೆ ಬಿಟ್ಟ ಓಝೋನ್ ಅನಿಲವೇ ಬಣ್ಣ ತಿನ್ನುತ್ತದೆ. ಬ್ಲೀಚ್ ಬೇಡ, ನೀರೂ ಅಷ್ಟು ಬೇಡ. ಹಿತ್ತಲ ಚರಂಡಿ ನೀಲಿ ಬಿಟ್ಟು ಚರಂಡಿಯ ಬಣ್ಣಕ್ಕೇ ಬಂತು. ಎಲ್ಲರಿಗೂ ಖುಷಿ.

ಬ್ಲೀಚಕ್ಕ ಮಾತ್ರ ಕಾಲು ಸುಟ್ಟ ಬೆಕ್ಕಾದಳು. ಗುಂಡಿ ಒತ್ತಿ ಸುಮ್ಮನೆ ನಿಲ್ಲುವುದೂ ಒಂದು ಕೆಲಸವೇ? ಡ್ರಮ್ಮಿನ ಸುತ್ತ ತಿರುಗುವಳು, ಗಾಜಿಗೆ ಮುಖ ಒತ್ತುವಳು, ಒರೆಸಿದ ಗಾಜನ್ನೇ ಮತ್ತೆ ಒರೆಸುವಳು. ಕೊನೆಯಲ್ಲಿ ಫ್ಯಾನು ಅನಿಲವನ್ನೆಲ್ಲ ಎಳೆದು, ಕೆಂಪು ದೀಪ ಹಸಿರಾದ ಮೇಲೆಯೇ ಬಾಗಿಲು ತೆಗೆಯಬೇಕು. ಆ ಕಾಯುವಿಕೆ ಅವಳ ಪ್ರಾಣ ತಿನ್ನುತ್ತಿತ್ತು. ದೀಪ ಕೆಟ್ಟರೆ ಇರಲಿ ಎಂದು ಒಂದು ಕೀಲಿ ಇತ್ತು, ಹಿರಿಯಳೆಂದು ಅದನ್ನು ಅವಳ ಕೈಗೇ ಕೊಟ್ಟಿದ್ದರು. ಕೊಟ್ಟವರಿಗೆ ಬುದ್ಧಿ ಇರಬೇಕಿತ್ತು.

ಅಂದು ಬಾಗಿಲ ಸಂದಿಗೆ ಮೂಗಿಟ್ಟು ಮೂಸಿದಳು. “ಎಲ್ಲಾ ಹೋಗಿದೆ, ತೆಗಿ” ಎಂದು ಪಕ್ಕದಲ್ಲಿದ್ದ ನಾದಿನಿಗೆ ಹೇಳಿ ಕೀಲಿ ತಿರುಗಿಸಿದಳು.

“ಅತ್ತಿಗೆ, ಇನ್ನೂ ಕೆಂಪು ದೀಪ ಇದೆ.”

“ನನ್ನ ಮೂಗಿಗಿಂತ ನಿನ್ನ ದೀಪ ದೊಡ್ಡದಾ?”

ನಾದಿನಿ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಬಾಗಿಲು ತೆಗೆದು, ಬಟ್ಟೆ ಎಳೆಯಲು ಒಳಗೆ ಬಗ್ಗಿದಳು. ಮರುಕ್ಷಣವೇ ಎದೆ ಹಿಡಿದುಕೊಂಡು ಕೆಮ್ಮುತ್ತ ಕುಸಿದಳು. ಬ್ಲೀಚಕ್ಕನ ಜೀವ ಬಾಯಿಗೆ ಬಂತು. ಸೂಪರ್‌ವೈಸರ್ ಓಡಿಬಂದು ಇಬ್ಬರನ್ನೂ ಗಾಡಿಗೆ ಹತ್ತಿಸಿದ.

ಡಾಕ್ಟರು ಉಸಿರಾಟ ನೋಡಿ, ಅಪಾಯವಿಲ್ಲ, ಆದರೆ ಕೆಲವು ವಾರ ಆ ಗಾಳಿಯ ಹತ್ತಿರ ಸುಳಿಯಬಾರದು ಎಂದರು. ಬ್ಲೀಚಕ್ಕ ಕುರ್ಚಿಯಿಂದ ಏಳುತ್ತ ಕೂರುತ್ತ, “ವಾಸನೆ ಇರಲೇ ಇಲ್ಲ ಡಾಕ್ಟ್ರೇ, ನಾನೇ ಮೂಸಿ ನೋಡಿದೆ” ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಡಾಕ್ಟರು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಅವಳ ಮೂಗಿನ ಹತ್ತಿರ ಹಿಡಿದರು.

“ಏನು ವಾಸನೆ?”

“ನೀರಲ್ವಾ?”

ಬ್ಲೀಚೇ ಆ ಮೂಗನ್ನು ವರ್ಷಗಟ್ಟಲೆ ಕೂತು ತಿಂದಿತ್ತು. ಅದು ಯಾವತ್ತು ಸತ್ತಿತೋ ಅವಳಿಗೇ ಗೊತ್ತಾಗಿರಲಿಲ್ಲ. ಅವಳಿಗೆ ನಾದಿನಿಯ ಮುಖ ನೋಡುವ ಧೈರ್ಯವಾಗಲಿಲ್ಲ.

“ನನಗೆ ಮೊದಲೇ ಘಾಟು ಬಂದಿತ್ತು ಅತ್ತಿಗೆ” ಎಂದಳು ನಾದಿನಿ, ಕೆಮ್ಮಿನ ನಡುವೆ. “ನೀವು ಇಲ್ಲ ಅಂದ್ರಲ್ಲ, ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡೆ.”