ಕಾಗದ ಬರುವ ತನಕ ಗಾಡಿ ಬಿಟ್ಟುಕೊಡದ ರಹಮಾನ್ ಸಾಬರು

ಹುಣಸೂರಿನ ಮರದ ಡಿಪೋದ ಹಿಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ಅಬ್ದುಲ್ ರಹಮಾನ್ ತಲೆಯ ಮೇಲಿಂದ ದಪ್ಪನೆಯ ಕಬ್ಬಿಣದ ಮುಚ್ಚಳವೊಂದನ್ನು ಇಳಿಸುತ್ತಾರೆ. ಎದುರಿಗೆ ನಂಜಯ್ಯನವರ ಬಸ್ಸು ನಿಂತಿದೆ. ಅದರ ಬಲ ಮಗ್ಗುಲಿಗೆ, ಡ್ರೈವರ್ ಸೀಟಿನ ಬೆನ್ನಿಗೇ ಅಂಟಿಕೊಂಡಂತೆ, ಆಳೆತ್ತರದ ಡ್ರಮ್ಮು. ಸಾಬರು ಅದಕ್ಕೆ ಇದ್ದಿಲು ಸುರಿದು, ಕೆಂಡ ಹಾಕಿ, ಮುಚ್ಚಳ ಬಿಗಿದು, ಕೈಚಕ್ರ ತಿರುಗಿಸಿ ಗಾಳಿ ಊದುತ್ತಾರೆ. ಆಮೇಲೆ ಕುಡಿಕೆಯಲ್ಲಿ ಕದಡಿದ ಅಂಟುವಾಳದ ನೊರೆಯನ್ನು ಡ್ರಮ್ಮಿನಿಂದ ಇಂಜಿನ್ನಿಗೆ ಹೋಗುವ ಕೊಳವೆಯ ಒಂದೊಂದು ಬೆಸುಗೆಗೂ ಬಳಿದು, ಮೂಗು ತಾಗುವಷ್ಟು ಬಗ್ಗಿ ನೋಡುತ್ತಾರೆ. ಗುಳ್ಳೆ ಎದ್ದರೆ ಅಲ್ಲಿ ಗ್ಯಾಸು ಸೋರುತ್ತಿದೆ ಎಂದು ಅರ್ಥ.

"ಇವತ್ತೂ ಗುಳ್ಳೆ ಇಲ್ಲ ಕಣ್ ಸ್ವಾಮಿ," ಎಂದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. "ಇಪ್ಪತ್ತಾರು ದಿನದಿಂದ ಇಲ್ಲ."

ಹಾಗಾದರೆ ಇಪ್ಪತ್ತಾರು ದಿನದಿಂದ ಈ ಬಸ್ಸು ಯಾಕೆ ನಿಂತಿದೆ? ಮದರಾಸಿನ ವಿಮಾ ಕಂಪನಿಯಿಂದ ಕಾಗದ ಬಂದಿಲ್ಲ, ಅದಕ್ಕೆ. ಕಾಗದ ಬರುವ ತನಕ ಸಾಬರು ಗಾಡಿ ಬಿಟ್ಟುಕೊಡುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಬೆಂಕಿ ಆರಲು ಬಿಟ್ಟು, ಆ ಮುಚ್ಚಳವನ್ನು ಬಿಚ್ಚಿ ಹೊತ್ತುಕೊಂಡು ಮನೆಗೆ ಹೋಗಿ ಮಂಚದ ಕೆಳಗೆ ಇಡುತ್ತಾರೆ. ಮುಚ್ಚಳವಿಲ್ಲದ ಡ್ರಮ್ಮಿನಿಂದ ಇಂಜಿನ್ನು ಒಂದು ಕೆಮ್ಮೂ ಕೆಮ್ಮುವುದಿಲ್ಲ. ಊರಿನವರು ಅವರಿಗೆ ಮುಚ್ಚಳದ ಸಾಬ್ರು ಎಂದೇ ಹೆಸರಿಟ್ಟಿದ್ದಾರೆ.

ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ಕೂಪನ್ನು ಬಂತು, ಆಮೇಲೆ ಕೂಪನ್ನಿಗೇ ಬರ ಬಂತು. ನಮ್ಮ ಸೀಮೆಯ ಬಸ್ಸುಗಳೆಲ್ಲ ಮೈಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡತೊಡಗಿದವು. ಸಾಬರ ಬಗ್ಗೆ ಬರೆಯಲೆಂದು ನಾನು ಮೈಸೂರಿನಿಂದ ಬಂದದ್ದೂ ಅಂಥದೇ ಬಸ್ಸಿನಲ್ಲಿ. ಬಂದೆ ಅನ್ನುವುದಕ್ಕಿಂತ ಬಿಳಿಕೆರೆಯ ಏರಿನಲ್ಲಿ ಅದನ್ನು ತಳ್ಳಿಕೊಂಡು ಬಂದೆ ಅನ್ನಬೇಕು. ಪಂಚೆಗೆ ಹತ್ತಿದ ಮಸಿ ಇನ್ನೂ ಹೋಗಿಲ್ಲ.

ರಹಮಾನ್ ಸಾಬರಿಗೆ ಐವತ್ತೆರಡು ವರ್ಷ. ತಂದೆ ಅಬ್ದುಲ್ ಅಜೀಜ್ ಜಟಕಾಗಳಿಗೆ ದೀಪ, ತಗಡಿನ ಹೊದಿಕೆ ಮಾಡುತ್ತಿದ್ದವರು. ಮಗ ಕಾರುಗಳಿಗೆ ಇಳಿದರು. ಹಿಂದೆ ಒಂದು ಬೆಂಚು ಸೇರಿಸುವುದು, ಕ್ಯಾನ್ವಾಸಿನ ಮಾಡು ತೆಗೆದು ತಗಡಿನದು ಹಾಕುವುದು, ಹೆಚ್ಚು ಹೊರೆ ತಡೆಯಲು ಸ್ಪ್ರಿಂಗು ಬದಲಾಯಿಸುವುದು, ಎಲ್ಲ ಅವರ ಕೈಕೆಲಸ. ಎರಡು ವರ್ಷದಲ್ಲಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನ ಕೋಟೆ ಮೂರೂ ಕಡೆ ಸೇರಿ ಇಪ್ಪತ್ಮೂರು ಡ್ರಮ್ಮು ಕೂರಿಸಿದ್ದಾರೆ. ಒಂದಕ್ಕೆ ಒಂಬತ್ತು ದಿನ ಹಿಡಿಯುತ್ತದೆ. ಕೆಲಸ ಹಿಡಿಯುವ ಮೊದಲು ಮಾತ್ರ ಅವರದೊಂದು ಕಟ್ಟಳೆ.

"ಗಾಡಿ ಮುಟ್ಟಾಕೆ ಮುಂಚೆ ಕೇಳ್ತೀನಿ, ಇನ್ಸೂರೆನ್ಸ್ ಐತಾ ಅಂತ. ಐತೆ ಅಂದ್ರೆ, ಇಂಥದ್ದು ಮಾಡುಸ್ತೀವಿ ಅಂತ ಕಂಪನೀಗೆ ಬರೆದ್ರಾ? ಇಲ್ಲಾ ಅಂದ್ರೆ ಮೇಷ್ಟ್ರ ಮನೆ ತೋರಿಸ್ತೀನಿ. ಬರೆದ ಮ್ಯಾಲೆ ಕೆಲಸ ಶುರು. ಜವಾಬು ಬಂದ ಮ್ಯಾಲೆ ಗಾಡಿ."

ಮೇಷ್ಟ್ರು ಅಂದರೆ ಮಿಡ್ಲ್ ಸ್ಕೂಲಿನಿಂದ ನಿವೃತ್ತರಾದ ವೀರಭದ್ರಸ್ವಾಮಿಯವರು. ಇಂಗ್ಲಿಷಿನಲ್ಲಿ ಕಾಗದ ಬರೆದು, ಜೊತೆಗೆ ಗಾಡಿಯ ನಕ್ಷೆಯನ್ನೂ ಅಚ್ಚುಕಟ್ಟಾಗಿ ಎಳೆದು, ಡ್ರಮ್ಮು ಎಲ್ಲಿ ಕೂರುತ್ತದೆ ಎಂದು ಗುರುತು ಹಾಕಿ ಕಳಿಸುತ್ತಾರೆ. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ ಅವರು ನನಗೆ ಹೇಳಿದ್ದು ಸುಲಭವಾಗಿತ್ತು: ಸಂಸಾರಕ್ಕೆಂದು ಮನೆ ಬಾಡಿಗೆಗೆ ಹಿಡಿದು, ಹೇಳದೆ ಕೇಳದೆ ನಡುಮನೆಯಲ್ಲಿ ಕುಲುಮೆ ಹಾಕಿದರೆ ಮನೆಯ ಮಾಲೀಕ ಸುಮ್ಮನಿರುತ್ತಾನೆಯೇ? ಕಂಪನಿಯೂ ಹಾಗೇ. ತಾನು ಕಂಡ ಕಾರು ಬೇರೆ, ನೀವು ಓಡಿಸುತ್ತಿರುವ ಕಾರು ಬೇರೆ ಎಂದಾದರೆ, ಸುಟ್ಟ ದಿನ ಕೈ ತೊಳೆದುಕೊಳ್ಳುತ್ತದೆ.

ಸಾಬರಿಗೆ ಇದನ್ನು ಕಲಿಸಿದ್ದು ಮಂಚಯ್ಯನ ಕಾರು. ಮಂಚಯ್ಯ ಹೆಗ್ಗಡದೇವನ ಕೋಟೆಯ ಕಡೆಯವನು. ಹತ್ತು ವರ್ಷ ಬೇರೆಯವರ ಗಾಡಿ ಓಡಿಸಿ, ಸ್ವಂತಕ್ಕೊಂದು ಬಾಡಿಗೆ ಕಾರು ಮಾಡಿಕೊಂಡಿದ್ದ. ಎರಡು ವರ್ಷದ ಹಿಂದೆ ಸಾಬರು ಮಾಡಿದ ಮೊಟ್ಟಮೊದಲ ಡ್ರಮ್ಮು ಆ ಕಾರಿನದೇ. ನಾಲ್ಕು ತಿಂಗಳು ಚೆನ್ನಾಗಿಯೇ ಓಡಿತು. ಒಂದು ಮಧ್ಯಾಹ್ನ ಅಂತರಸಂತೆಯ ಹತ್ತಿರ ಬಿರುಗಾಳಿಗೆ ಕಿಡಿ ಹಾರಿ ಕ್ಯಾನ್ವಾಸಿನ ಮಾಡಿಗೆ ಹತ್ತಿಕೊಂಡಿತು. ಒಳಗಿದ್ದವರು ಹಾರಿಕೊಂಡು ಬದುಕಿದರು. ಕಾರು ಬರೀ ಕಬ್ಬಿಣವಾಯಿತು.

ಬೆಂಕಿಗೆ ವಿಮೆ ಇತ್ತು. ಕಂಪನಿಯವರು ಬಂದರು. ಅವರ ಕೈಯಲ್ಲಿದ್ದ ಪಾಲಿಸಿಯಲ್ಲಿ ಅದು ಪೆಟ್ರೋಲಿನ ಕಾರು, ಐದು ಸೀಟು, ಅಷ್ಟೆ. ಈ ಒಲೆ ಎಲ್ಲಿಂದ ಬಂತು ಎಂದು ಕೇಳಿದರು. ಡ್ರಮ್ಮಿನ ಬೆಂಕಿ ಆವತ್ತು ಆರಿತ್ತು ಎಂದು ಹೇಳಿಬಿಡಿ ಸಾಬ್ರೇ ಎಂದು ಊರೆಲ್ಲ ಹೇಳಿಕೊಟ್ಟಿತ್ತು. ಸಾಬರು ಹೇಳಲಿಲ್ಲ. ನಾನೇ ಕೂರಿಸಿದ್ದು, ಆವತ್ತು ಉರಿಯುತ್ತಿತ್ತು ಎಂದರು. ಕಂಪನಿ ಬಿಡಿಗಾಸು ಕೊಡಲಿಲ್ಲ. ಮಂಚಯ್ಯ ಸಾಬರ ಜೊತೆ ಮಾತು ಬಿಟ್ಟ.

"ನಿಜ ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ," ಎನ್ನುತ್ತಾರೆ ಸಾಬರು. ಕೈಗೆ ಹತ್ತಿದ ಮಸಿ ಉಜ್ಜಿಕೊಳ್ಳುತ್ತಾರೆ. "ಬೇಜಾರು ಏನು ಅಂದ್ರೆ, ಮುಂಚೆ ಕೇಳಲಿಲ್ಲವಲ್ಲ ನಾನು. ಕೇಳಿದ್ರೆ ಒಂದು ಕಾಗದದಾಗೆ ಮುಗೀತಿತ್ತು. ದಿನಾ ಯೋಚ್ನೆ ಬತ್ತದೆ ಸ್ವಾಮಿ."

ಆ ಮಂಚಯ್ಯ ಈಗ ಎಲ್ಲಿ ಎಂದು ಕೇಳಿದರೆ ಸಾಬರು ಗದ್ದದಲ್ಲೇ ತೋರಿಸುತ್ತಾರೆ. ಬಸ್ಸಿನ ಆಚೆ ಬದಿ, ಹುಣಸೆಮರದ ಕೆಳಗೆ ಬೀಡಿ ಸೇದುತ್ತಾ ಕೂತಿರುವ ತೆಳ್ಳನೆಯ ಮನುಷ್ಯ. ನಂಜಯ್ಯ ತಮ್ಮ ಬಸ್ಸಿಗೆ ಡ್ರೈವರಾಗಿ ಇಟ್ಟುಕೊಂಡಿರುವುದು ಅವನನ್ನೇ. ಈ ಬಸ್ಸು ಹೊರಟರೆ ಅವನಿಗೆ ಕೆಲಸ. ಹೊರಡದಿದ್ದರೆ ಕಾಕನಕೋಟೆಯ ಕಾಡಿನಲ್ಲಿ ಮರ ಹೊರಲು ಹೋಗಬೇಕು. ಅಷ್ಟಾದರೂ ಕಾಗದ ಬರದೆ ಸ್ಟೇರಿಂಗು ಮುಟ್ಟುವುದಿಲ್ಲ ಎಂದು ಅವನೂ ಕೂತಿದ್ದಾನೆ.

"ಅಮಲ್ದಾರ್ರಿಗೆ ಡ್ರಮ್ ತೋರ್ಸಿದ್ದೆ ಕಣ್ರೀ," ಎಂದು ಆ ಹಳೆಯ ಕಾರಿನ ಮಾತು ತಾನೇ ಎತ್ತುತ್ತಾನೆ. "ಪರವಾನಗಿ ಚೀಟಿ ಕೊಟ್ಟಿದ್ರು. ಸರ್ಕಾರಕ್ಕೇ ಗೊತ್ತಿದ್ ಮ್ಯಾಲೆ ಕಂಪ್ನಿಗೆ ಗೊತ್ತಿರಾಕಿಲ್ವಾ ಅನ್ಕಂಡೆ. ಸರ್ಕಾರದ ಚೀಟಿನೇ ಬ್ಯಾರೆ, ಕಂಪ್ನಿ ಕಾಗ್ದನೇ ಬ್ಯಾರೆ ಅಂತ ನಮ್ಗೆ ಯಾರ್ ಯೋಳವ್ರು?"

ನನಗೂ ಅಲ್ಲಿಯವರೆಗೆ ಎರಡೂ ಒಂದೇ ಎಂದಿತ್ತು. ಓದಿದವನಾಗಿ ಹಾಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಇಬ್ಬರ ನಡುವೆ ಸಿಕ್ಕಿಹಾಕಿಕೊಂಡವರು ನಂಜಯ್ಯ. "ಇವ್ರು ಅವನ್ ತಾವ ಮಾತಾಡಾಕಿಲ್ಲ, ಅವ್ನು ಇವ್ರ್ ತಾವ ಮಾತಾಡಾಕಿಲ್ಲ. ಕಾಗ್ದ ಬರ್ಲಿ ಅನ್ನೋ ಅಟ ಮಾತ್ರ ಇಬ್ರುದೂ ಒಂದೇ! ಕೋಟೆ ದಾರೀಲಿ ಜನ ನಡ್ಕಂಡ್ ಓಯ್ತಾವ್ರೆ, ನನ್ ಬಸ್ಸು ಇಲ್ಲಿ ಕೋಳಿ ಗೂಡಾಗದೆ," ಎಂದು ಟವೆಲು ಕೊಡವುತ್ತಾರೆ. ನಿಜಕ್ಕೂ ಹಿಂದಿನ ಸೀಟಿನ ಮೇಲೆ ಒಂದು ಹೇಂಟೆ ಕಾವಿಗೆ ಕೂತಿದೆ.

ನಿಮಗೇನು ಬೇಕು ಎಂದು ಸಾಬರನ್ನು ಕೇಳುತ್ತೇನೆ. ಬಿರುದು, ಬಹುಮಾನ ಏನಾದರೂ ಹೇಳಿಯಾರು ಎಂದು ನನ್ನ ನಿರೀಕ್ಷೆ. "ಆ ಪಾಲಿಸಿ ಕಾಗದ ಪೂರ್ತಿ ಇಂಗ್ಲೀಸು. ಇರ್ಲಿ ಬುಡಿ. ಒಂದೇ ಒಂದು ಸಾಲು ಕನ್ನಡದಾಗೆ ಹಾಕ್ಲಿ. ಗಾಡೀಗೆ ಏನಾದ್ರೂ ಮಾಡ್ಸೋಕೆ ಮುಂಚೆ ನಮಗೆ ತಿಳಿಸಿ ಅಂತ. ಅಷ್ಟು ಹಾಕಿದ್ರೆ ನನ್ನಂಥೋನು ಮುಚ್ಚಳ ಹೊರೋದು ತಪ್ತದೆ."

ಹತ್ತು ಗಂಟೆಯ ಹೊತ್ತಿಗೆ ವೀರಭದ್ರಸ್ವಾಮಿ ಮೇಷ್ಟ್ರು ಛತ್ರಿ ಆಡಿಸುತ್ತಾ ಬೇಗಬೇಗ ಬರುತ್ತಾರೆ. ಕೈಯಲ್ಲಿ ಉದ್ದನೆಯ ಲಕೋಟೆ. ನಂಜಯ್ಯ ಕೈ ಮುಗಿಯುತ್ತಾರೆ. ಮಂಚಯ್ಯ ಬೀಡಿ ಬಿಸಾಕಿ ನಾಲ್ಕು ಹೆಜ್ಜೆ ಹತ್ತಿರ ಬಂದು ನಿಲ್ಲುತ್ತಾನೆ. ಮೇಷ್ಟ್ರು ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಗ್ಯಾಸಿನ ಬಸ್ಸಿಗೂ ವಿಮೆ ಕೊಡಲು ಕಂಪನಿ ಒಪ್ಪಿದೆ. ಆದರೆ ನಕ್ಷೆಯಲ್ಲಿ ತೋರಿಸಿದ ಜಾಗಕ್ಕೆ ಒಪ್ಪಿಲ್ಲ. ಡ್ರಮ್ಮು ಡ್ರೈವರನಿಗೆ ತೀರಾ ಹತ್ತಿರವಾಯಿತು. ಬಸ್ಸಿನ ಹಿಂಭಾಗದಲ್ಲಿ, ಹೊರಗಡೆ, ನಡುವೆ ಕಬ್ಬಿಣದ ಹಾಳೆ ಕೊಟ್ಟು ಕೂರಿಸಬೇಕು. ಹಾಗೆ ಮಾಡಿದ್ದೇನೆ ಎಂದು ಕೂರಿಸಿದವನು ರುಜು ಮಾಡಿ ಕಳಿಸಿದ ದಿನದಿಂದ ವಿಮೆ ಜಾರಿ.

ನಂಜಯ್ಯನವರ ಮುಖ ಬಾಡುತ್ತದೆ. ಬಿಚ್ಚಿ ಮತ್ತೆ ಕೂರಿಸಲು ಇನ್ನೊಂದು ವಾರ. ಅವರು ಸಾಬರನ್ನು ಪಕ್ಕಕ್ಕೆ ಕರೆದರೂ ಮಾತು ನನಗೆ ಕೇಳಿಸುತ್ತದೆ. "ಸಾಬ್ರೇ, ಮದ್ರಾಸಿಂದ ಯಾರ್ ಬಂದ್ ನೋಡ್ತಾರೆ? ಡ್ರಮ್ಮು ಬಸ್ಸಿನ್ ಇಂದಕ್ಕೇ ಆಕಿದೀನಿ ಅಂತ ರುಜು ಮಾಡ್ಬುಡಿ. ನಿಧಾನುಕ್ಕೆ ಬಿಚ್ಚುಸ್ಮ."

ಸಾಬರು ಬಸ್ಸು ಹತ್ತಿ ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ. ಒರಗಿಕೊಂಡವರು ತಟ್ಟನೆ ಮುಂದಕ್ಕೆ ಬಾಗುತ್ತಾರೆ. ಕೈ ಹಿಂದೆ ಚಾಚಿ ಸೀಟಿನ ಬೆನ್ನು ಮುಟ್ಟಿ ನೋಡುತ್ತಾರೆ. ನಾನೂ ಹೋಗಿ ಮುಟ್ಟುತ್ತೇನೆ. ಬೆಂಕಿ ಆರಿ ಮೂರು ಗಂಟೆಯಾದರೂ ಚರ್ಮ ಇನ್ನೂ ಬಿಸಿಯಾಗಿದೆ. ಉರಿಯುವ ಡ್ರಮ್ಮಿಗೆ ಬೆನ್ನು ಕೊಟ್ಟು ಕೋಟೆಯ ತನಕ ಕೂತವನ ಗತಿ ಏನು?

"ಇಪ್ಪತ್ತಾರು ದಿನ ಬೆಸುಗೆ ನೋಡ್ದೆ," ಎನ್ನುತ್ತಾರೆ ಸಾಬರು, ಯಾರಿಗೆ ಎಂದಿಲ್ಲದೆ. "ಒಂದಿನಾನೂ ಇಲ್ಲಿ ಕೂತು ನೋಡಲಿಲ್ಲ. ಅವನ ಕಾರು ಸುಟ್ಟಿದ್ದು ಸಾಲ್ದು ಅಂತ ಅವನ ಬೆನ್ನಿಗೇ ತಂದಿಟ್ಟೆ ಬೆಂಕಿನ."

ಕೆಳಗಿಳಿದು ಪಾನಾ ತೆಗೆದುಕೊಳ್ಳುತ್ತಾರೆ. ಒಂದೊಂದೇ ಬೋಲ್ಟು ಸಡಿಲವಾಗುತ್ತದೆ. ನಂಜಯ್ಯ ನಿಟ್ಟುಸಿರು ಬಿಟ್ಟು, ಡ್ರಮ್ಮು ಇಳಿಸಲು ಡಿಪೋದಿಂದ ಆಳು ಕರೆತರಲು ಹೊರಡುತ್ತಾರೆ. ಕೊನೆಯ ಬೋಲ್ಟಿಗೆ ಡ್ರಮ್ಮು ವಾಲುತ್ತದೆ. ಸಾಬರು ಒಬ್ಬರೇ ತಬ್ಬಿ ಹಿಡಿದುಕೊಂಡಿದ್ದಾರೆ. ನಾನು ಓಡುವುದರೊಳಗೆ ಮಂಚಯ್ಯ ಎರಡು ಗೋಣಿತಾಟು ಎತ್ತಿಕೊಂಡು ಬಂದಿದ್ದಾನೆ. ಒಂದನ್ನು ಸಾಬರ ಕೈಯ ಕೆಳಗೆ ತೂರಿಸಿ, ಇನ್ನೊಂದನ್ನು ತನ್ನ ಅಂಗೈಗೆ ಹಾಕಿಕೊಂಡು ಆಚೆ ಬದಿಗೆ ಹೆಗಲು ಕೊಡುತ್ತಾನೆ.

"ಬುಡು ಮಂಚಯ್ಯ, ಕೈ ಸುಟ್ಟಾತು," ಎನ್ನುತ್ತಾರೆ ಸಾಬರು.

"ಸುಟ್ಟಿದ್ದು ಸುಟ್ಟೋಯ್ತು ಬುಡಿ ಸಾಬ್ರೇ," ಎನ್ನುತ್ತಾನೆ ಮಂಚಯ್ಯ, ಒಂದೂವರೆ ವರ್ಷದ ಮೇಲೆ ಮೊದಲ ಸಲ ಅವರ ಮುಖ ನೋಡಿ. "ಎತ್ತಿ ಈಗ."