ಶಮೀಮಾ ಬೇಗಂ ಕೇಳಿದ ಕಾನೂನು

ಕೆಲವು ವರ್ಷಗಳ ಹಿಂದೆ ಪುರಸಭೆ ಚುನಾವಣೆಗೆಂದು ನನ್ನನ್ನು ಗದ್ವಾಲದಿಂದ ಮಕ್ತಲ್‌ಗೆ ರಿಟರ್ನಿಂಗ್ ಆಫೀಸರ್ ಆಗಿ ಕಳಿಸಿದ್ದರು. ನಾಮಪತ್ರ ಪಡೆಯುವುದರಿಂದ ಫಲಿತಾಂಶ ಘೋಷಿಸುವವರೆಗಿನ ಹೊಣೆ ಈ ಅಧಿಕಾರಿಯದು. ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ನಾಮಪತ್ರ ಹಿಂತೆಗೆಯುವ ಕೊನೆಯ ದಿನ ಮಾತ್ರ ಗಟ್ಟಿಯಾಗಿ ಉಳಿದಿದೆ.

ಮಹಿಳೆಯರಿಗೆ ಮೀಸಲಾದ ವಾರ್ಡಿನ ಅಭ್ಯರ್ಥಿ ಶಮೀಮಾ ಬೇಗಂ ಬಂದು ಕುಳಿತರು. ಹೊಲಿಗೆ ಕಲಿಸುವಾಕೆ. ಓಣಿಗೆ ನಲ್ಲಿ ನೀರು ತರಿಸಲೇಬೇಕೆಂದು ನಿಂತವರು. ಜೊತೆಗೆ ಗಂಡ ಖಾಜಾ, ಅವನ ಅಣ್ಣ ಮಹಬೂಬ್ ಸಾಬ್.

"ಹೆಣ್ಣು ಮುಂದಾಳಾಗೋದು ಶರೀಅತ್‌ನಾಗ ಇಲ್ರಿ," ಎಂದು ಅಣ್ಣ ಪಟ್ಟು ಹಿಡಿದಿದ್ದರು.

ನಾನು ಸಂವಿಧಾನ ವಿವರಿಸತೊಡಗಿದೆ.

"ಅದು ಗೊತ್ತೈತ್ರಿ ಸಾಹೇಬ್ರ," ಎಂದರು ಶಮೀಮಾ. "ನಾ ಕೇಳಾಕತ್ತಿದ್ದು ನಮ್ಮ ದೀನಿನ, ನಮ್ಮ ಧರ್ಮದ ಕಾನೂನು. ಅದು ಬ್ಯಾಡ ಅಂದ್ರ ಈಗಲೇ ಹಿಂದ ತಗೋತೀನಿ."

ಮಹಬೂಬ್ ಸಾಬ್ ಆಗಲೇ ಗೆದ್ದವರಂತೆ ಹೋಗಿ, ಮಸೀದಿಯ ಮೌಲಾನಾರನ್ನು ಬೈಕಿನ ಮೇಲೆ ಕರೆತಂದರು. ಗಡುವು ಹತ್ತಿರವಾಗಿತ್ತು.

"ಮೆಂಬರ್ ಆದವ್ರು ಏನ್ ಮಾಡ್ತಾರ್ರೀ?" ಮೌಲಾನಾ ನನ್ನನ್ನೇ ಕೇಳಿದರು.

"ವಾರ್ಡಿನವರ ಪರವಾಗಿ ಸಭೆಯಲ್ಲಿ ಮಾತಾಡುತ್ತಾರೆ."

"ಹಂಗಾದ್ರ ಅದು ವಕಾಲತ್. ಹೆಂಗಸು ಇನ್ನೊಬ್ಬರ ಪರ ವಕೀಲ್ ಆಗಿ ನಿಲ್ಲಬಹುದು. ಮುಲ್ಕ್, ಅಂದ್ರ ದೇಶ, ಆಳೋ ಬಗ್ಗೆ ಓದಿಕೊಂಡ ಆಲಿಮರೊಳಗ ತಕರಾರ್ ಐತಿ. ನಲ್ಲಿ ನೀರಿಗೆ ಯಾಕಪಾ ತಕರಾರ್?"

ಇದನ್ನು ಅವರು ದಖನಿ ಉರ್ದುವಿನಲ್ಲಿ ಹೇಳಿದರೋ ಕನ್ನಡದಲ್ಲೋ, ಈಗ ನನಗೆ ಅನುಮಾನ. ಅರ್ಥದಲ್ಲಿ ಅನುಮಾನವಿಲ್ಲ.

ಮಹಬೂಬ್ ಸಾಬ್ ಕ್ಷಣದಲ್ಲೇ ದಾರಿ ಬದಲಿಸಿದರು. "ಹಂಗಾದ್ರ ನಡೀಲಿ ಬಿಡ್ರಿ! ಹೆಸರು ಈಕೀದಿರ್ಲಿ, ಕುರ್ಚಿ ಮ್ಯಾಲ ಖಾಜಾ ಕುಂದರ್ತಾನ."

ನಮ್ಮ ಸೀಮೆಯ ಎಲ್ಲ ಜಾತಿ ಮತಗಳಲ್ಲೂ ನಡೆದು ಬಂದ ಪದ್ಧತಿಯೇ ಅದು. ಖಾಜಾ ಆಗಲೇ ಕಾಲರ್ ಸರಿಮಾಡಿಕೊಂಡ.

"ಠೈರೋ, ತಡಿ," ಎಂದರು ಮೌಲಾನಾ. "ನೇಮಿಸಿದವ್ರ ಇಜಾಜತ್, ಅಂದ್ರ ಒಪ್ಪಿಗಿ, ಇಲ್ದ ವಕೀಲ್ ತನ್ನ ಕೆಲಸ ಇನ್ನೊಬ್ಬರ ಕೈಗೆ ಕೊಡಾಕ ಬರಂಗಿಲ್ಲ. ಅದೂ ಅದೇ ಕಾನೂನು. ಓಣಿ ಮಂದಿ ನಿನಗ ವೋಟ್ ಹಾಕ್ತಾರೇನೋ ಖಾಜಾ?"

"ಅವ್ರಿಗೆ ನಾನೇ ಹಾಕಂಗಿಲ್ರಿ!" ಎಂದು ಶಮೀಮಾ ನಕ್ಕು, ನಾಮಪತ್ರ ಉಳಿಸಿಕೊಂಡೇ ಎದ್ದರು.

ಗೆದ್ದರು. ಎಷ್ಟು ಮತಗಳಿಂದ ಎಂಬುದು ಮರೆತಿದೆ. ಧರ್ಮದ ವಿಷಯದಲ್ಲಿ ನಾನು ಇಂದಿಗೂ ಸಂದೇಹವಾದಿಯೇ. ಆದರೆ ಎದುರು ಕುಳಿತವರು ಯಾವ ಕಾನೂನು ಕೇಳುತ್ತಿದ್ದಾರೆಂದು ಮೊದಲು ಕಿವಿಗೊಡಬೇಕು, ಆ ನೌಕರಿ ನನಗೆ ಕಲಿಸಿದ್ದು ಇಷ್ಟು.

ಮೊದಲ ಸಭೆಯ ದಿನ ಖಾಜಾ ಪುರಸಭೆ ಕಚೇರಿಯ ಹೊರಗೆ ಬೇವಿನ ಮರದಡಿ ಟಿಫಿನ್ ಡಬ್ಬಿ ಹಿಡಿದು ಕುಳಿತಿದ್ದ.

"ಒಳಗೆ ಹೋಗಲ್ಲವೇನಪ್ಪಾ?" ಎಂದೆ.

"ಇಜಾಜತ್ ಇಲ್ರೀ ಸಾಹೇಬ್ರ," ಎಂದು ಹಲ್ಲು ಕಿರಿದ.