ಫೋಟೋಗೆ ಹಾಕಿದ ಸ್ವಿಚ್ಚು

ಮನೆಮನೆಗೆ ವೈರಿಂಗ್ ಮಾಡಿ ಹೊಟ್ಟೆ ಹೊರೆಯುವ ಆ ಹೆಂಗಸನ್ನು ಬೀದಿಯವರು ಕರೆಯುವುದು ಕರೆಂಟಕ್ಕ ಎಂದು. ಸೊಂಟದಲ್ಲಿ ಟೆಸ್ಟರ್, ಹೆಗಲ ಮೇಲೆ ಏಣಿ, ಮೂಗಿನ ತುದಿಯಲ್ಲಿ ಕೋಪ. ಮುಟ್ಟಿದರೆ ಶಾಕ್ ಹೊಡೆಯುತ್ತಾಳೆ ಎಂದು ಜನ ತಮಾಷೆ ಮಾಡುತ್ತಾರೆ, ಅವಳೂ ಇಲ್ಲ ಎನ್ನುವುದಿಲ್ಲ. ಆದರೆ ಅವಳೆದುರು ಯಾರಾದರೂ "ಪಾಪ" ಎಂದರೋ, ಅವರ ಕಥೆ ಮುಗಿಯಿತು.

ಅದಕ್ಕೆ ಕಾರಣ ಅವಳ ಅಕ್ಕ. ಅಕ್ಕನನ್ನು ಗಂಡ ಹೊಡೆದು ಕೊಂದಾಗ, ಹೆಣದ ಸುತ್ತ ನಿಂತ ನೆರೆಹೊರೆಯವರೆಲ್ಲ ಹೇಳಿದ್ದು ಒಂದೇ ಮಾತು: "ದಿನಾ ಕೇಳಿಸ್ತಿತ್ತು, ಪಾಪ." ಕೇಳಿಸುತ್ತಿತ್ತಂತೆ! ಕೇಳಿಸಿದಾಗ ಟಿವಿ ಸದ್ದು ಜೋರು ಮಾಡಿಕೊಂಡು ಊಟಕ್ಕೆ ಕೂತ ಜನ. ಆ ಗಂಡನ ಮೇಲಿದ್ದಷ್ಟೇ ಸಿಟ್ಟು ಅವಳಿಗೆ ಆ ಕಿವಿಗಳ ಮೇಲೂ ಇದೆ. ಇಂದಿಗೂ ಆರಿಲ್ಲ.

ಹೀಗಿರುವಾಗ ಒಂದು ಸಂಸ್ಥೆಯವರು ಬೀದಿಗೆ ಬಂದರು. ಹೆಂಗಸರ ಮೇಲಿನ ಹಿಂಸೆ ತಡೆಯಲು ಬೀದಿಯವರೇ ಒಂದು ಯೋಜನೆ ಹೇಳಬೇಕು, ಖರ್ಚು ಸಂಸ್ಥೆಯದು. ಬೀದಿ ಸಂಘದ ಅಧ್ಯಕ್ಷರು ಎದ್ದು, ಬೀದಿಯ ಬಾಯಲ್ಲಿ ಕಮಾನು ಕಟ್ಟಿಸಿ ಘೋಷಣೆ ಬರೆಸೋಣ ಎಂದರು. ಘೋಷಣೆಯ ಕೆಳಗೆ ಯಾರ ಹೆಸರು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅವರ ಹೆಂಡತಿ ಸುಡುಬಿಸಿಲಲ್ಲೂ ತುಂಬುತೋಳಿನ ರವಿಕೆ ಏಕೆ ತೊಡುತ್ತಾರೆಂಬುದೂ ಗೊತ್ತಿತ್ತು. ಒಬ್ಬರೂ ಪಿಟಕ್ ಎನ್ನಲಿಲ್ಲ.

ಕರೆಂಟಕ್ಕ ಎದ್ದಳು. "ಕಮಾನು ಬಂದು ಯಾರ ಕೈ ಹಿಡಿಯುತ್ತೆ ಅಧ್ಯಕ್ಷರೇ? ಅಡುಗೆಮನೇಲಿ ಒಂದು ಸ್ವಿಚ್ ಹಾಕೋಣ. ಒತ್ತಿದ್ರೆ ಆ ಮನೇಲಿ ಸದ್ದಾಗಬಾರದು, ಅಕ್ಕಪಕ್ಕ, ಎದುರುಮನೇಲಿ ಗಂಟೆ ಹೊಡ್ಕೋಬೇಕು. ಹೊಡ್ಕೊಂಡ್ರೆ ಎಲ್ಲರೂ ಹೋಗಿ ಬಾಗಿಲು ತಟ್ಟಬೇಕು. ನಮಗೇನೂ ಗೊತ್ತಾಗ್ಲಿಲ್ಲ ಅಂತ ಯಾರೂ ಹೇಳೋ ಹಾಗಿರಬಾರದು."

ಅಧ್ಯಕ್ಷರು ನಕ್ಕರು. ಸಂಸ್ಥೆಯ ಮೇಡಂ ನಗಲಿಲ್ಲ. ದುಡ್ಡು ಗಂಟೆಗೇ ಎಂದುಬಿಟ್ಟರು. ಅಧ್ಯಕ್ಷರು ನಿಂತಲ್ಲೇ ರಾಗ ಬದಲಿಸಿದರು. "ಮೊದಲನೇ ಸ್ವಿಚ್ಚು ನಮ್ಮನೇಲೇ ಆಗ್ಲಿ!" ಜನ ಚಪ್ಪಾಳೆ ಬೇರೆ ತಟ್ಟಿದರು. ಕರೆಂಟಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಕೆಲಸದ ದಿನ ಅಧ್ಯಕ್ಷರು ಅಡುಗೆಮನೆಗೆ ಬಂದು ದನಿ ತಗ್ಗಿಸಿದರು. "ಇದು ಫೋಟೋಗೆ ಅಷ್ಟೇ ಕಣಮ್ಮ. ಡಬ್ಬಿ ಗೋಡೆಗೆ ಕೂರಿಸು ಸಾಕು, ವೈರ್ ಎಳೀಬೇಡ. ನಮ್ಮನೇಲಿ ಅದೆಲ್ಲ ಯಾಕೆ?"

"ನೀವು ಹೇಳಿದ ಮೇಲೆ ಮುಗೀತಲ್ಲ," ಎಂದಳು. ಅವರು ಹೊಸ ಅಂಗಿ ತೊಡಲು ಹೋದರು. ಇವಳು ಹಲ್ಲು ಕಚ್ಚಿಕೊಂಡು ಗೋಡೆ ಕೊರೆದಳು, ನೀರಿನ ಪೈಪಿನ ಮರೆಯಲ್ಲಿ ವೈರ್ ಹೊರಗೆಳೆದು ಅಕ್ಕಪಕ್ಕದ ಮನೆಗಳ, ಎದುರಿನ ತನ್ನ ಮನೆಯ ಗಂಟೆಗಳಿಗೆ ಜೋಡಿಸಿದಳು. ಫೋಟೋಗೆ ನಿಂತ ಹೆಂಡತಿಯ ಬೆರಳನ್ನು ಸ್ವಿಚ್ಚಿನ ಮೇಲೆ ಸರಿಪಡಿಸುವ ನೆಪದಲ್ಲಿ ಕಿವಿಯಲ್ಲಿ ಹೇಳಿದಳು: "ಈಗ ಒತ್ತಬೇಡಿ ಅತ್ತಿಗೆ. ಇದು ನಿಜವಾಗ್ಲೂ ಹೊಡ್ಕೊಳ್ಳುತ್ತೆ." ಆಕೆ ರವಿಕೆಯ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡರು.

ಆಮೇಲೆ ಕರೆಂಟಕ್ಕ ಊಟಕ್ಕೆ ಕೂತರೂ ಕಿವಿ ತನ್ನ ಗೋಡೆಯ ಗಂಟೆಯ ಮೇಲೇ. ಅತ್ತಿಗೆ ಒತ್ತುತ್ತಾರೋ ಇಲ್ಲವೋ. ಒತ್ತಿದರೂ, ಈ ಜನ ಬರುತ್ತಾರೋ, ಟಿವಿ ಜೋರು ಮಾಡುತ್ತಾರೋ.

ಒಂದು ಸಂಜೆ ಗಂಟೆ ಹೊಡೆದುಕೊಂಡಿತು. ಎದುರುಮನೆಯ ಕರೆಂಟಕ್ಕ ಬೀದಿಗೆ ಹಾರಿದಳು. ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಅಕ್ಕಪಕ್ಕದ ಮನೆಗಳೊಳಗೆ ಗಂಟೆ ಬಡಿದುಕೊಳ್ಳುವುದು ಹೊರಗೂ ಕೇಳುತ್ತಿತ್ತು. "ಕಿವಿಗೇನು ಹತ್ತಿ ತುರುಕಿಕೊಂಡಿದ್ದೀರಾ?" ಎಂದು ಕಿರುಚಿದಳು. ಪಕ್ಕದ ಮನೆಯ ದರ್ಜಿ ಕತ್ತರಿ ಹಿಡಿದೇ ಹೊರಬಂದ. ಅವನ ಹಿಂದೆ ಅವನ ತಾಯಿ. ಆಮೇಲೆ ಒಬ್ಬೊಬ್ಬರಾಗಿ ಬಂದು ಬಾಗಿಲು ಬಡಿದರು.

ಅಧ್ಯಕ್ಷರು ಬಾಗಿಲು ತೆರೆದರು. "ಏನಿದು, ಎಲ್ಲರೂ ಬಂದ್ಬಿಟ್ರಿ?"

"ನಿಮ್ಮನೆ ಗಂಟೆ ಹೊಡ್ಕೊಳ್ತು," ಎಂದ ದರ್ಜಿ.

"ಅದ್ಹೇಗೆ ಸಾಧ್ಯ? ಅದಕ್ಕೆ ವೈರೇ ಹಾಕ್ಸಿಲ್ಲ!"

ಹೇಳಿದ ಮೇಲೆ ಬಾಯಿ ಜಾರಿದ್ದು ಅವರಿಗೇ ಅರಿವಾಯಿತು. ದರ್ಜಿ ಕತ್ತರಿಯನ್ನು ಕೆಳಗಿಳಿಸಿ ಕೇಳಿದ: "ಯಾಕೆ ಹಾಕಿಸ್ಲಿಲ್ಲ ಅಧ್ಯಕ್ಷರೇ?"

ಉತ್ತರ ಬರುವ ಮೊದಲೇ ಹೆಂಡತಿ ಅವರ ಪಕ್ಕದಿಂದ ನುಸುಳಿ ಮೆಟ್ಟಿಲಿಳಿದರು. ತುಟಿ ಒಡೆದಿತ್ತು, ಬರಿಗಾಲು.

"ಅಯ್ಯೋ, ಪಾಪ," ಎಂದಳು ದರ್ಜಿಯ ತಾಯಿ.

"ಪಾಪ ಅನ್ಬೇಡಿ!" ಕರೆಂಟಕ್ಕ ಸಿಡಿದಳು. "ಚಪ್ಪಲಿ ಕೊಡಿ ಅವರಿಗೆ!"

ಮುದುಕಿ ತನ್ನ ಕಾಲಿನದನ್ನೇ ಬಿಟ್ಟು, ಬಗ್ಗಿ, ಆಕೆಯ ಪಾದದ ಮುಂದಿಟ್ಟಳು.